ಲೈನಿಂಗ್ ಕೊಟ್ಟ ಬಾವುಟ

ಇಲ್ಲ ಸ್ವಾಮಿ, ಸುಳ್ಳಲ್ಲ. ನೀವು ಹಾಗೆ ಹುಬ್ಬು ಏರಿಸಿದ ಮಾತ್ರಕ್ಕೆ ನಾನು ಸುಮ್ಮನಾಗುವವನಲ್ಲ. ಬಾವುಟಕ್ಕೆ ಯಾರಾದರೂ ಲೈನಿಂಗ್ ಕೊಡುತ್ತಾರೆಯೇ ಎನ್ನುತ್ತೀರಿ. ನನ್ನ ಅಣ್ಣ ಕೊಟ್ಟ. ಕೋಟಿನ ಒಳಗೆ ಕೊಡುತ್ತಾರಲ್ಲ, ಅದೇ ನುಣುಪಾದ ದಪ್ಪ ಬಟ್ಟೆ. ಕೊಟ್ಟಿದ್ದೇ ಒಳ್ಳೆಯದಾಯಿತು. ಕೂತುಕೊಳ್ಳಿ, ಹೇಳುತ್ತೇನೆ.

ಅಣ್ಣ ಕೋಟು ಹೊಲಿಯುವ ದರ್ಜಿ. ಅವನ ಕೋಟು ಎಷ್ಟು ಗಟ್ಟಿ ಎಂದರೆ, ಒಬ್ಬ ಗುಮಾಸ್ತ ಜ್ವರ ಬಂದು ಮಲಗಿದ್ದಾಗ ಕೋಟು ತಾನೇ ಎದ್ದು ಆಫೀಸಿಗೆ ಹೋಗಿ, ಸಂಜೆಯವರೆಗೆ ಕುರ್ಚಿಯಲ್ಲಿ ಕೂತು ಬಂತು. ಸಾಹೇಬರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಸರಿ, ಇದನ್ನು ಅರ್ಧ ನಂಬಿದರೆ ಸಾಕು. ಆದರೆ ಒಳಗಿನ ಹೊಲಿಗೆ ಹೊರಗೆ ಕಂಡರೆ ಅವನಿಗೆ ಅನ್ನ ಸೇರುವುದಿಲ್ಲ ಎನ್ನುವುದನ್ನು ಪೂರ್ತಿ ನಂಬಿ. ದಿಂಬಿನ ಚೀಲಕ್ಕೂ ಲೈನಿಂಗ್, ಕರವಸ್ತ್ರಕ್ಕೂ ಲೈನಿಂಗ್. ಅವನು ಕೊಟ್ಟ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳಲು ನನಗೆ ಎರಡು ಕೈ ಬೇಕಾಗುತ್ತಿತ್ತು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಮನೆ. ಜೊತೆಗೆ ಗಡಿಯಾರ ಮಾಮ. ನಗರಸಭೆಯ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವರು, ಎಣ್ಣೆ ಹಾಕುವವರು. ನಮ್ಮ ಮಕ್ಕಳು ಇಟ್ಟ ಹೆಸರು ಅದು. ಇಬ್ಬರೂ ಪ್ರಾಯದಲ್ಲಿ ಒಬ್ಬರನ್ನೊಬ್ಬರು ಮೆಚ್ಚಿ ಒಂದೇ ಒಲೆ ಹಚ್ಚಿದವರು. ಆ ಕಾಲದಲ್ಲಿ ಅದು ಅಪರಾಧ. ಸಿಕ್ಕಿಬಿದ್ದರೆ ಜೈಲು. ಯಾರಾದರೂ ಕೇಳಿದರೆ ಅಮ್ಮ ಸೆರಗು ಸರಿಮಾಡಿಕೊಂಡು, "ಅವರು ಬಾಡಿಗೆಗೆ ಇದ್ದಾರೆ" ಎಂದುಬಿಡುತ್ತಿದ್ದಳು.

ಅಷ್ಟರಲ್ಲಿ ನಗರಸಭೆಯ ನೀರಿನ ವಿಭಾಗದ ಒಬ್ಬನನ್ನು, ಅವನೂ ಗಂಡಸನ್ನೇ ಪ್ರೀತಿಸುತ್ತಾನೆ ಎಂದು, ಕೆಲಸದಿಂದ ತೆಗೆದರು. ಅವನು ಮೇಜಿನ ಸಾಮಾನು ಚೀಲಕ್ಕೆ ತುಂಬಿಕೊಂಡು ತಲೆ ತಗ್ಗಿಸಿ ಹೋಗುವುದನ್ನು ಮಾಮ ಗೋಪುರದಿಂದ ನೋಡಿದರು. ಅಂದಿನಿಂದ ಬೀದಿಯಲ್ಲಿ ಅಣ್ಣ ಈ ಬದಿ ನಡೆದರೆ ಮಾಮ ಆ ಬದಿ. ತರಕಾರಿ ತರುವಾಗಲೂ ಹಾಗೆಯೇ. ಬದನೆಕಾಯಿ ಬೇಡವಾದರೆ ಆ ಬದಿಯಿಂದ ಒಂದು ಕೆಮ್ಮು, ಬೇಕಾದರೆ ಎರಡು. ಮಾಮನಿಗೆ ನೆಗಡಿ, ಕೆಮ್ಮು ಬಂದ ವಾರ ಮನೆ ತುಂಬ ಬದನೆಕಾಯಿ.

ಇಂಥವರ ಪರವಾಗಿ ನಮ್ಮೂರಲ್ಲಿ ಮೊದಲು ಬೀದಿಗಿಳಿದವಳು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ ಅಚ್ಚುಮನೆಯ ಅಕ್ಕ. ಹೆಣ್ಣನ್ನು ಪ್ರೀತಿಸಿದ ಹೆಣ್ಣು, ಮುಚ್ಚಿಡಲಿಲ್ಲ. ಮೊದಲ ಮೆರವಣಿಗೆಯಲ್ಲಿ ಜನಕ್ಕಿಂತ ಅವರ ಮೇಲೆ ಬಿದ್ದ ಮೊಟ್ಟೆಗಳೇ ಹೆಚ್ಚು. ಮರುವರ್ಷ ಆಕೆ ಬಾಣಲೆ ಹಿಡಿದು ಬಂದಳು, ಬಿದ್ದ ಮೊಟ್ಟೆ ದಂಡವಾಗಬಾರದು ಎಂದು. ವರ್ಷ ವರ್ಷ ನಡೆದರು, ಏಟು ತಿಂದರು, ಕೋರ್ಟಿಗೆ ಅಲೆದರು. ಕೊನೆಗೆ ಆ ಕಾನೂನು ಬಿದ್ದುಹೋಯಿತು. ಅದಾದ ಎಷ್ಟೋ ವರ್ಷಕ್ಕೆ ನಗರಸಭೆ ಠರಾವು ಮಾಡಿತು: ವರ್ಷಕ್ಕೊಂದು ದಿನ ಇವರ ಹೆಮ್ಮೆಯ ದಿನ, ಅಂದು ಕಾಮನಬಿಲ್ಲಿನ ಬಾವುಟ ನಮ್ಮ ಕಟ್ಟಡದ ಮೇಲೆ ಹಾರಬೇಕು.

ಹೊಲಿಯುವ ಕೆಲಸ ಬಂದಿದ್ದು ಅಣ್ಣನಿಗೆ. ಅವನಿಗೆ ಇದ್ದದ್ದು ಒಂದೇ ಆಸೆ. ಬಾವುಟ ಏರುವಾಗ ಮಾಮ ತನ್ನ ಪಕ್ಕ ನಿಲ್ಲಬೇಕು, ಊರಿನ ಮುಂದೆ, ಒಂದೇ ಒಂದು ಸಲ. ಅವನು ಕೇಳಿದಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಬಂದು ಸುಮ್ನೆ ನಿಂತ್ಕೋ ಮಾರಾಯ. ಭಾಷಣ ಮಾಡು ಅಂದ್ನಾ?"

"ಅವತ್ತು ಗಡಿಯಾರಕ್ಕೆ ಎಣ್ಣೆ ಹಾಕ್ಬೇಕು."

"ಗಡಿಯಾರಕ್ಕೆ ಎಣ್ಣೆ, ನನಗೆ ಎಳ್ಳುನೀರು!"

ಮಾಮ ಬಟ್ಟಲು ಕೆಳಗಿಟ್ಟರು. "ಕಾನೂನು ಹೋಯ್ತು, ಭಯ ಹೋಗ್ಲಿಲ್ಲ ಕಣೋ. ಏನ್ ಮಾಡ್ಲಿ? ಗೋಪುರದ ಕಿಟಕಿಯಿಂದ ನೋಡ್ತೀನಿ ಬಿಡು."

ಅಣ್ಣ ಎದ್ದು ಮಿಷನ್ನಿನ ಮುಂದೆ ಕೂತ. ಮನಸ್ಸು ಕೆಟ್ಟರೆ ಅವನು ಊಟ ಬಿಡುವುದಿಲ್ಲ, ಹೊಲಿಗೆ ಹೆಚ್ಚಿಸುತ್ತಾನೆ. ಬಣ್ಣದ ಪಟ್ಟಿಗಳನ್ನು ಜೋಡಿಸಿದ, ತಿರುವಿ ನೋಡಿದ, ಹಿಂದಿನ ಹೊಲಿಗೆ ಕಂಡಿತು. ಕೈ ತಾನಾಗಿಯೇ ಲೈನಿಂಗ್ ಬಟ್ಟೆಯ ಕಡೆ ಹೋಯಿತು.

ಆ ದಿನ ಬಂತು. ನಗರಸಭೆಯ ಮುಂದೆ ಜನವೋ ಜನ. ಮಹಡಿಯ ಬಾಲ್ಕನಿಯಲ್ಲಿ ಅಧ್ಯಕ್ಷೆ, ಮೈಕು, ಅಣ್ಣ, ಅವನ ಹಿಂದೆ ನಾನು. ಹಗ್ಗ ಎಳೆದರು. ಬಾವುಟ ಏದುಸಿರು ಬಿಡುತ್ತ ಏರಿತು. ತುದಿ ಮುಟ್ಟಿ ಹಾಗೆಯೇ ಜೋತುಬಿತ್ತು. ಗಾಳಿ ಬೀಸಿತು, ನನ್ನ ಟೋಪಿ ಹಾರಿ ಪಕ್ಕದ ಊರಿಗೆ ಹೋಯಿತು, ಬಾವುಟ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಒಂದು ಬಣ್ಣವೂ ಕಾಣದು.

"ಕಂಬಳಿ ಒಣಗಾಕಿದ್ದೀರಾ?" ಎಂದು ಕೆಳಗಿನಿಂದ ಯಾರೋ ಕೂಗಿದರು.

ಅಧ್ಯಕ್ಷೆಗೆ ಗಾಬರಿ. "ಏನ್ರೀ ಇದು, ಇಷ್ಟು ಭಾರ?"

"ಲೈನಿಂಗ್ ಕೊಟ್ಟಿದ್ದೀನಿ ಮೇಡಂ," ಎಂದ ಅಣ್ಣ ಮುಖ ಸಣ್ಣದು ಮಾಡಿಕೊಂಡು. "ಇಳಿಸಿ, ಬಾಲ್ಕನಿ ಕಂಬಿ ಮೇಲಿಂದ ಬಿಡಿಸಿ ಹಿಡಿಯೋಣ. ಎರಡೂ ತುದಿಗೆ ಜನ ಬೇಕು."

ಒಂದು ತುದಿ ಅಣ್ಣ ಹಿಡಿದ. ಇನ್ನೊಂದಕ್ಕೆ ಜವಾನ ಕೈ ಹಾಕಿದ; ಬಾವುಟ ಅವನನ್ನೇ ಎಳೆದುಕೊಂಡು ಕೆಳಗೆ ಹೊರಟಿತು. ನಾನು ಹಿಡಿಯಲು ಹೋದೆ, ಸೊಂಟ ಹಿಡಿದುಕೊಂಡಿತು. ಅಣ್ಣ ಒದ್ದಾಡುತ್ತ ನಿಂತ. ಮೇಲಕ್ಕೆ ನೋಡಲಿಲ್ಲ, ಕರೆಯಲೂ ಇಲ್ಲ. ಅಷ್ಟು ಸ್ವಾಭಿಮಾನ.

ಆಗ ಗೋಪುರದ ಮೆಟ್ಟಿಲ ಬಾಗಿಲು ಕಿರ್ರೆಂದಿತು. ಗಡಿಯಾರ ಮಾಮ. ಅಂಗೈ ತುಂಬ ಎಣ್ಣೆ. ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು ಬಾವುಟದ ತುದಿ ಹಿಡಿದರು. ಇಬ್ಬರೂ ಎಳೆದು ನಿಂತರು. ಬಣ್ಣಗಳೆಲ್ಲ ಒಮ್ಮೆಲೇ ಕಂಡವು. ಕೆಳಗಿನ ತಲೆಗಳೆಲ್ಲ ಮೇಲಕ್ಕೆ ತಿರುಗಿದವು.

"ಬಾವುಟಕ್ಕೆ ಲೈನಿಂಗ್ ಕೊಡ್ತಾರೇನೋ, ಪೆದ್ದ?" ಎಂದರು ಮಾಮ ಮೆಲ್ಲಗೆ.

"ಚಳಿ ಆಗ್ಬಾರ್ದಲ್ಲ," ಎಂದ ಅಣ್ಣ.

ಮೈಕು ಆನ್ ಆಗಿಯೇ ಇತ್ತು ನೋಡಿ. ಊರಿಗೆ ಊರೇ ನಕ್ಕಿತು. ಆ ನಗುವಿನ ನಡುವೆ ಅಚ್ಚುಮನೆಯ ಅಕ್ಕ, ಈಗ ಊರುಗೋಲಿನ ಮುದುಕಿ, ಕೂಗಿ ಕೇಳಿದಳು: "ದರ್ಜಿಯಪ್ಪಾ, ಆ ತುದಿ ಹಿಡಿದಿರೋರು ಯಾರು?"

ಅಣ್ಣ ಮಾಮನ ಮುಖ ನೋಡಿದ. ಮಾಮ ಹೂಂ ಎಂಬಂತೆ ತಲೆ ಆಡಿಸಿದರು.

"ನಮ್ಮ ಮನೆಯವರು," ಎಂದ ಅಣ್ಣ.

ಚಪ್ಪಾಳೆ ಎಂದರೆ ಅದು. ಗೋಪುರದ ಪಾರಿವಾಳಗಳು ಅಂದು ಹಾರಿದ್ದು, ಇನ್ನೂ ಇಳಿದಿಲ್ಲ.

ಆಮೇಲೆ ಮಾಮ ಕೆಳಗಿಳಿದು ಅಕ್ಕನ ಕೈ ಹಿಡಿದರು. "ನಿಮ್ಮ ಮೆರವಣಿಗೆಗೆ ಒಂದು ಸಲಾನೂ ಬರ್ಲಿಲ್ಲ ನಾನು. ನೀವೆಲ್ಲ ನಡೆದಿದ್ದಕ್ಕೆ ಇವತ್ತು ಇಳಿದು ಬಂದೆ."

"ಅಯ್ಯೋ, ನಿಮ್ಮ ಗಡಿಯಾರದ ಟೈಮ್ ನೋಡ್ಕೊಂಡೇ ಅಲ್ವಾ ನಾವು ಹೊರಡ್ತಿದ್ದಿದ್ದು!" ಎಂದಳು ಆಕೆ.

ನಾನಂತೂ ಅಂದು ಮೊಟ್ಟೆಯೇಟು ತಿಂದವರಿಗೆ, ಠರಾವಿಗೆ ಕೈ ಎತ್ತಿದವರಿಗೆ, ಯಾರಿಗೆ ಮೊದಲು ಕೈ ಮುಗಿಯಲಿ ಎಂದು ತಿಳಿಯದೆ ಜವಾನನಿಗೂ ಮುಗಿದುಬಿಟ್ಟೆ. ಸಂಜೆ ಇಬ್ಬರೂ ಒಂದೇ ಬದಿಯಲ್ಲಿ ನಡೆದು ಮನೆಗೆ ಹೋದರು. ದಾರಿಯಲ್ಲಿ ಬದನೆಕಾಯಿಗೆ ದೊಡ್ಡ ಜಗಳ, ಬಾಯಿಬಿಟ್ಟು, ಹತ್ತು ಮನೆಗೆ ಕೇಳುವಂತೆ. ಅದರ ಚೆಂದ ಏನು ಹೇಳಲಿ. ಆ ಜಗಳ ಎಷ್ಟು ಜೋರಿತ್ತೆಂದರೆ ತರಕಾರಿಯವನ ತಕ್ಕಡಿ...

"ರೀ, ಯಾರ ತಲೆ ತಿಂತಿದ್ದೀರಿ ಅಲ್ಲಿ? ಬಾವಂದಿರು ಇಬ್ರೂ ಬಂದು ತಟ್ಟೆ ಮುಂದೆ ಕೂತಿದ್ದಾರೆ. ಸಾರು ಆರ್ತಿದೆ!"

ಕೇಳಿಸಿತಲ್ಲ, ನನ್ನ ಹೆಂಡತಿ. ಬಂದೆ ಕಣೇ, ಬಂದೆ.