ಸಾಲಿನಲ್ಲಿ ಕೂತ ಬುತ್ತಿಗಳು

ರಾಜಾಜಿನಗರದ ನಮ್ಮ ಬೀದಿಯ ಚರಂಡಿ ಮೇಸ್ತ್ರಿಗೆ ಒಂದೇ ಮಾತು: "ಮೊದ್ಲು ನಮ್ಮೋರು, ಸಾರ್." ಹೇಳುವಾಗಲೆಲ್ಲ ತಲೆಯ ಟವಲನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ.

ಐವತ್ತರ ದಶಕದಲ್ಲಿ ಕಾಲರಾ ಬಂದಾಗ ಶಾಲೆಯಲ್ಲಿ ಸೂಜಿಮದ್ದು ಹಾಕುತ್ತಿದ್ದರು. ಚರಂಡಿ ತೊಳೆದು ಮೇಸ್ತ್ರಿಯ ಕೆಲಸಗಾರರು ಬರುವಷ್ಟರಲ್ಲಿ ಮದ್ದು ಮುಗಿದಿರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ನಾವು ಹೋದಾಗ ಸಾಲಿನ ಮುಂದೆ, ಬಾಗಿಲಿನುದ್ದಕ್ಕೂ, ಅವರ ಬುತ್ತಿ ಡಬ್ಬಿಗಳು ಕೂತಿದ್ದವು, ಬೀದಿ ನಲ್ಲಿಗೆ ನಾವು ಕೊಡ ಇಟ್ಟ ಹಾಗೆ.

"ಏನಯ್ಯಾ ಇದು? ತೆಗಿ!" ಎಂದರು ಒಬ್ಬರು.

"ಕೊಡ ಇಟ್ರೆ ಜಾಗ ಬಿಡ್ತೀರಲ್ಲ, ಸಾರ್. ಇದು ಬೇಡಾಂದ್ರೆ ನೀವೇ ಎತ್ತಿ ಪಕ್ಕಕ್ಕಿಡಿ," ಎಂದ ಮೇಸ್ತ್ರಿ.

ಚರಂಡಿಯವರ ಬುತ್ತಿ ಮುಟ್ಟಿದರೂ ದಾಟಿದರೂ ಮೈಲಿಗೆ. ಯಾರೂ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಹತ್ತು ಗಂಟೆಗೆ ಕೆಲಸಗಾರರು ಬಂದು, ತಮ್ಮ ಡಬ್ಬಿ ಎತ್ತಿಕೊಂಡು, ಒಬ್ಬೊಬ್ಬರಾಗಿ ತೋಳು ಚಾಚಿದರು.

ನಾವು ಬಗ್ಗುವುದಿಲ್ಲವೆಂದು ಮೇಸ್ತ್ರಿಗೆ ಮೊದಲೇ ಗೊತ್ತಿತ್ತು.