ಉಮಾಶಂಕರನ ಬ್ಯಾಂಕಾಕ್ ಸಾಮಾನು

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಆ ಅಗಸನಾದರೂ ಒಂದು ತಿಂಗಳು ಒಗೆದಿರಬೇಕು. ಕ್ಯಾಲನೂರಿನ ಉಮಾಶಂಕರನ ಉತ್ಸಾಹ ಅಷ್ಟು ದಿನವೂ ಬಾಳುತ್ತಿರಲಿಲ್ಲ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನ ಶೋಕಿಗಳನ್ನೆಲ್ಲ ಮಣ್ಣು ಮಾಡಿದವಳು ಹೆಂಡತಿ ಗಂಗಾಲಕ್ಷ್ಮಿ, ಕೆಲವನ್ನಂತೂ ನಿಜವಾಗಿಯೇ ಗುಂಡಿ ತೋಡಿ. ಪಾರಿವಾಳ ಬಂದವು, ಬೆಕ್ಕಿನ ಪಾಲಾದವು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಬಂದವು, ನೀರು ಬದಲಿಸುವವರಿಲ್ಲದೆ ಹಿತ್ತಲಿನ ಕರಿಬೇವಿನ ಬುಡ ಸೇರಿದವು. ಈಗ ಅದೇ ತೊಟ್ಟಿಯಲ್ಲಿ ಒಂದು ಹಲ್ಲಿ ಕೂತಿತ್ತು.

ಅದನ್ನು ಹಲ್ಲಿ ಎಂದು ಕರೆದರೆ ಉಮಾಶಂಕರನಿಗೆ ಕೋಪ ಬರುತ್ತಿತ್ತು. ಅದು ಡ್ರ್ಯಾಗನ್ನಂತೆ, ಆಸ್ಟ್ರೇಲಿಯಾ ಮೂಲದ್ದಂತೆ. ಬೆಂಗಳೂರಿನಲ್ಲಿ ಯಾರಿಂದಲೋ ತಂದಿದ್ದ. ಮೊಳದುದ್ದದ ಮೈ, ಗದ್ದದ ಕೆಳಗೆ ಮುಳ್ಳುಮುಳ್ಳಿನ ಗಡ್ಡ. ಅವನ ತಾಯಿ ಆದಿಲಕ್ಷ್ಮಮ್ಮ ಆಂಧ್ರ ಗಡಿಯ ನಂಗಲಿ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಹೊರಳುವವಳು. ಒಮ್ಮೆ ಬಗ್ಗಿ ನೋಡಿ ತೀರ್ಪು ಕೊಟ್ಟಳು: "ಇದಿ ತೊಂಡ ಕದರಾ! ಬೇಲಿ ಮೇಲೆ ಓಡಾಡೋ ತೊಂಡಕ್ಕೆ ಗಾಜಿನ ಮನೆ ಬೇರೆ!" ಅಂದಿನಿಂದ ಮನೆಯಲ್ಲಿ ಅದರ ಹೆಸರು ತೊಂಡ, ಅಂದರೆ ಓತಿಕ್ಯಾತ, ಎಂದೇ ಆಯಿತು.

ತೊಂಡ ಏನೂ ತಿನ್ನುತ್ತಿರಲಿಲ್ಲ. ಕ್ಯಾರೆಟ್ ತುರಿದು ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಉಮಾಶಂಕರ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ಪಂಡಿತನಾದ. ಪ್ರಾಣಿಗೆ ಹದವಾದ ಬಿಸಿ ಬೇಕು, ಗಾಳಿ ಆಡಬೇಕು, ಇರುವೆ ಸುಳಿಯಬಾರದು. ಇಷ್ಟೂ ಒಟ್ಟಿಗೆ ಸಿಗುವ ಜಾಗ ಅವನ ಕಣ್ಣಿಗೆ ಒಂದೇ ಕಂಡಿತು: ಹೆಂಡತಿ ರೇಷ್ಮೆ ಹುಳು ಸಾಕುವ ಹುಳುಮನೆ.

ಆ ಹುಳುಮನೆಯೊಳಗೆ ಅವನು ಹನ್ನೆರಡು ವರ್ಷದಿಂದ ಕಾಲಿಟ್ಟವನಲ್ಲ. ಇಡಲು ಅವಳು ಬಿಟ್ಟಿರಲಿಲ್ಲ. ಕೋಲಾರದಲ್ಲಿ ಅವನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಆ ಔಷಧಿಯ ಗಾಳಿ ಸೋಕಿದರೆ ಸಾಕು, ರೇಷ್ಮೆ ಹುಳು ರಸ ಕಕ್ಕಿಕೊಂಡು ಸಾಯುತ್ತವೆ. ಊದುಬತ್ತಿ ಹಚ್ಚಿದ ಕೈಯನ್ನೂ ತೊಳೆಸಿ ಒಳಗೆ ಬಿಡುವ ಗಂಗಾಲಕ್ಷ್ಮಿ, ಮೈಯೆಲ್ಲ ವಿಷದ ವಾಸನೆ ಹೊತ್ತು ಬರುವ ಗಂಡನನ್ನು ಬಿಟ್ಟಾಳೆಯೇ? ಅವನು ಮಾತ್ರ ಊರವರ ಮುಂದೆ, "ನನಗೆ ಆ ಹುಳದ ವಾಸ್ನೆ ಆಗಲ್ಲಪ್ಪ, ಅದ್ಕೇ ಹೋಗಲ್ಲ," ಎನ್ನುತ್ತಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ.

ಔಷಧಿ ಕಂಪನಿಯೊಂದು ಹೆಚ್ಚು ಮಾರಿದ ಅಂಗಡಿಯವರನ್ನು ಐದು ದಿನ ಬ್ಯಾಂಕಾಕಿಗೆ ಕರೆದೊಯ್ಯುವುದಾಗಿ ಹೇಳಿತು. ಪಟ್ಟಿಯಲ್ಲಿ ಉಮಾಶಂಕರನ ಹೆಸರೂ ಇತ್ತು. ಹೊರಡುವ ಹಿಂದಿನ ದಿನ, ಊಟಕ್ಕೆ ಕೂತವನು ಮುದ್ದೆ ಮುರಿಯುತ್ತ ಹೇಳಿದ:

"ಅಲ್ಲಿ ಇಂಥ ಪ್ರಾಣಿ ಸಾಕೋ ಸಾಮಾನೆಲ್ಲ ಸಿಗುತ್ತಂತೆ, ತರ್ತೀನಿ. ಈ ಬೆಳೆ ಮುಗೀತಿದ್ದಂಗೇ ಹುಳುಮನೆ ಖಾಲಿ ಮಾಡು. ಚಂದ್ರಿಕೆಗಳನ್ನ ಆ ಹುಳ ಸಾಕೋ ಮುನೇಶನಿಗೆ ಕೊಡ್ತೀನಿ ಅಂದಿದ್ದೀನಿ. ನಾನು ಬಂದ ದಿನ ಬಂದು ನೋಡ್ಕಂಡು ಹೋಗ್ತಾನೆ."

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅದು ಹೋದರೆ ಕಸುಬೇ ಹೋದಂತೆ. ಗಂಗಾಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷದ ಕೆಲಸವನ್ನು ಇವನು ಒಂದು ಹಲ್ಲಿಗೆ ಬರೆದುಕೊಟ್ಟಿದ್ದ, ಅದೂ ಸಾರು ಬಡಿಸಿಕೊಳ್ಳುತ್ತ.

"ಈಗ ಮಾತಾಡೋಕೆ ಪುರುಸೊತ್ತಿಲ್ಲ, ಹುಳ ನಾಲ್ಕನೇ ಜ್ವರಕ್ಕೆ ಕೂತವೆ," ಎಂದಳು.

"ಜ್ವರನಾ? ಅಂಗಡೀಲಿ ಒಳ್ಳೇ ಪೌಡ್ರು ಐತೆ, ತಂದುಕೊಡ್ಲಾ?"

ಅವಳು ಅವನ ಮುಖ ನೋಡಿದಳು. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಆಡುವ ಮಕ್ಕಳಿಗೂ ಅದು ಗೊತ್ತು. ಹುಳು ತಂದ ಅನ್ನವನ್ನು ಹನ್ನೆರಡು ವರ್ಷ ಉಂಡವನಿಗೆ ಗೊತ್ತಿರಲಿಲ್ಲ.

"ನಿನ್ನ ತೊಂಡಕ್ಕೂ ಜ್ವರಾನೇ ಕಣೋ," ಎಂದಳು. "ಮೈ ಮಂಕಾಗೈತೆ, ಚರ್ಮ ಸಡಿಲಾಗೈತೆ. ಸುಮ್ನೆ ಬಿಡು, ಪೊರೆ ಬಿಟ್ಟು ಎದ್ದ ಮೇಲೆ ತಿನ್ನುತ್ತೆ."

"ಅದೇನು ನಿನ್ನ ಹುಳ ಅನ್ಕಂಡ್ಯಾ? ಡ್ರ್ಯಾಗನ್ ಕಣೇ!" ಎಂದು ಕೈ ತೊಳೆದುಕೊಂಡು ಎದ್ದ.

ಬ್ಯಾಂಕಾಕಿನಿಂದ ದಿನಕ್ಕೆರಡು ಸಲ ವಿಡಿಯೋ ಕರೆ ಬರುತ್ತಿತ್ತು. ಜೊತೆಯವರು ದೇವಸ್ಥಾನ, ಸಮುದ್ರ ನೋಡುತ್ತಿದ್ದರೆ ಇವನು ಪ್ರಾಣಿ ಸಾಮಾನಿನ ಅಂಗಡಿಯಲ್ಲಿ ನಿಂತಿರುತ್ತಿದ್ದ. "ನೋಡಿಲ್ಲಿ, ಮರಳುಗಾಡಿನ ಮರಳು! ನೋಡಿಲ್ಲಿ, ಬಿಸಿಲು ಕಾಯೋ ಬಂಡೆ!" ತಾಯಿಯ ಮಂಡಿನೋವಿಗೆ ಮುಲಾಮು ತರುತ್ತೇನೆಂದು ಹೋಗಿದ್ದ. ಕೊನೆಯ ದಿನ, ತೂಕ ಜಾಸ್ತಿಯಾಯಿತೆಂದು ಮುಲಾಮಿನ ಡಬ್ಬಿಗಳನ್ನೆಲ್ಲ ವಿಮಾನ ನಿಲ್ದಾಣದಲ್ಲೇ ಬಿಟ್ಟ. ಬಂಡೆಯನ್ನು ಬಿಡಲಿಲ್ಲ. ಬಟ್ಟೆ ಪೆಟ್ಟಿಗೆಯಲ್ಲಿದ್ದರೆ ಭಾರವೆಂದು ಮೂರು ಅಂಗಿ, ಎರಡು ಪ್ಯಾಂಟು ಒಂದರ ಮೇಲೊಂದು ತೊಟ್ಟು, ಆಳು ದಪ್ಪನಾಗಿ, ಬೆವರು ಸುರಿಸಿಕೊಂಡು ಕ್ಯಾಲನೂರಿಗೆ ಬಂದಿಳಿದ.

ಇತ್ತ ತೊಂಡ ಎರಡು ದಿನದ ಹಿಂದೆಯೇ ಪೊರೆ ಬಿಟ್ಟಿತ್ತು. ಗಂಗಾಲಕ್ಷ್ಮಿ ಹೇಳಿದಂತೆಯೇ. ಬಿಸಿಲಿಗಿಟ್ಟ ತೊಟ್ಟಿಯಲ್ಲಿ, ತಿಳಿಹಳದಿ ಮೈ ಮಿಂಚಿಸುತ್ತ, ಗಾಜಿನ ಮೇಲೆ ಉಗುರು ಕೆರೆಯುತ್ತಿತ್ತು. ಅದಕ್ಕೆ ಹಸಿವೆಂದು ಅವಳಿಗೆ ಗೊತ್ತಿತ್ತು.

ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದ್ದಾಯಿತು. ಚಂದ್ರಿಕೆ ನೋಡಲು ಬಂದಿದ್ದ ಮುನೇಶನೂ ಕೂತ. ಮೊದಲು ದೀಪ ಬಂತು. ಆಮೇಲೆ ಬಂಡೆ.

ಆದಿಲಕ್ಷ್ಮಮ್ಮ ಅದನ್ನು ಬೆರಳಿನಿಂದ ತಟ್ಟಿದಳು. "ರಾಯಿನಾ? ನನ್ನ ಮುಲಾಮು ಬಿಟ್ಟು ಕಲ್ಲು ಹೊತ್ಕಂಡು ಬಂದ್ಯಾ ನಾಯನಾ? ವಿಗ್ರಹ ಕೆತ್ತೋ ಶಿವಾರಪಟ್ಟಣದಾಗೆ ಕಲ್ಲಿಗೆ ಬರ ಬಂದಿತ್ತಾ?"

"ಇದು ಬೇರೆ ಥರದ ಕಲ್ಲಮ್ಮ," ಎಂದ ಮಗ. ಮರಳಿನ ಚೀಲ ಬಂತು. ಒಣಗಿದ ಬೊಡ್ಡೆ ಬಂತು. ಕೊನೆಗೆ, ದೇವರ ಪಟ ತೆಗೆಯುವಂತೆ ಎರಡು ಕೈಯಲ್ಲಿ ಹಿಡಿದು, ಒಂದು ಹಸಿರು ಪೊಟ್ಟಣ, ಒಂದು ಡಬ್ಬಿ ತೆಗೆದ. ಎರಡರ ಮೇಲೂ ಆ ದೇಶದ ಅಕ್ಷರ, ಹಲ್ಲಿಯ ಚಿತ್ರ.

"ಇದು ಸ್ಪೆಷಲ್ ಫುಡ್ಡು. ನಮ್ಮ ಕಡೆ ಹುಡುಕಿದ್ರೂ ಸಿಗಲ್ಲ."

ಗಂಗಾಲಕ್ಷ್ಮಿ ಪೊಟ್ಟಣ ಹರಿದು ಮೂಸಿದಳು. ದಿನಕ್ಕೆ ಮೂರು ಹೊತ್ತು ಕೊಯ್ದು ಹೊರುವ ಸೊಪ್ಪಿನ ವಾಸನೆ ಎಲ್ಲಿದ್ದರೂ ಗೊತ್ತಾಗುತ್ತದೆ. ಪುಡಿ ಮಾಡಿದ ಹಿಪ್ಪುನೇರಳೆ. ಅವಳು ಡಬ್ಬಿಯ ಮುಚ್ಚಳ ಎಳೆದಳು. ಒಳಗೆ, ನೀರಿನಲ್ಲಿ ಬೆಂದು ಕಂದಾಗಿ, ಬೆರಳುದ್ದದ ಹುಳುಗಳು.

"ನಾಲ್ಕನೇ ಜ್ವರ ಎದ್ದು ಐದು ದಿನದ ಹುಳ," ಎಂದಳು. "ರೇಷ್ಮೆ ಹುಳ."

ಮುನೇಶ ಕತ್ತು ಚಾಚಿ ನೋಡಿ, ತಡೆದುಕೊಳ್ಳಲಾರದೆ ನಕ್ಕ. "ಅಣ್ಣೋ! ಕ್ಯಾಲನೂರಿಗೆ ಹುಳ ತಂದ್ಯಾ, ವಿಮಾನದಾಗೆ?"

"ಏನ್ಲಾ ನಗ್ತೀಯ? ಅವು ಬೇರೆ, ಇವು ಬೇರೆ," ಎಂದ ಉಮಾಶಂಕರ, ಮೂರನೇ ಅಂಗಿಯನ್ನೂ ಬೆವರಿನಲ್ಲಿ ಒದ್ದೆ ಮಾಡಿಕೊಳ್ಳುತ್ತ. ಬೆಂದ ಹುಳುವೊಂದನ್ನು ತೊಟ್ಟಿಗೆ ಹಾಕಿದ. ತೊಂಡ ನೋಡಿ ಮುಖ ತಿರುಗಿಸಿತು.

ಗಂಗಾಲಕ್ಷ್ಮಿ ಹುಳುಮನೆಗೆ ಹೋದಳು. ಬೆಳವಣಿಗೆ ಸಾಲದೆ ಹಿಂದುಳಿದ, ಹೇಗೂ ಎಸೆಯಬೇಕಾದ ಹುಳುಗಳಲ್ಲಿ ಒಂದನ್ನು ಎಲೆಯ ಮೇಲೆ ಎತ್ತಿ ತಂದು ತೊಟ್ಟಿಯಲ್ಲಿಟ್ಟಳು. ನಾಲಿಗೆ ಚಾಚಿದ್ದೂ ಕಾಣಲಿಲ್ಲ, ಹುಳು ಮಾಯ. ಹಿಂದೆಯೇ ಎಲೆಯನ್ನೂ ಕಚ್ಚಿ ಎಳೆಯಿತು.

"ನೋಡಿದ್ಯಾ!" ಉಮಾಶಂಕರ ತೊಡೆ ತಟ್ಟಿದ. "ಬ್ಯಾಂಕಾಕ್ ಲೈಟು ಬಂದಿದ್ದೇ ಬಂದಿದ್ದು, ಹಸಿವಾಯ್ತು!" ದೀಪ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಆಮೇಲೆ ದನಿ ಇಳಿಸಿ ಕೇಳಿದ: "ದಿನಾ ಎಷ್ಟು ಬೇಕಾಗ್ಬೋದು ಇಂಥವು?"

"ಎಷ್ಟಾದ್ರೂ ಬೇಕಾಗ್ಲಿ. ಹುಳುಮನೆ ಖಾಲಿ ಮಾಡ್ತೀಯಲ್ಲ, ಬ್ಯಾಂಕಾಕಿಗೆ ಹೋಗಿ ತಗಂಬಾ," ಎಂದಳು ಗಂಗಾಲಕ್ಷ್ಮಿ. ಮುನೇಶನ ಕಡೆ ತಿರುಗಿ, "ಚಂದ್ರಿಕೆ ಕೊಡಲ್ಲಪ್ಪ, ಕಾಫಿ ಕುಡಿದು ಹೋಗು," ಎಂದಳು. ಉಮಾಶಂಕರ ಬಾಯಿ ತೆರೆದ. ತೊಂಡ ಮತ್ತೆ ಗಾಜು ಕೆರೆಯಿತು. ಬಾಯಿ ಮುಚ್ಚಿದ.

ಮಾರನೆಯ ಬೆಳಿಗ್ಗೆ ಅವಳು ಸೊಪ್ಪು ಹಾಕುತ್ತಿದ್ದಾಗ ಹುಳುಮನೆಯ ಬಾಗಿಲು ಯಾರೋ ತಟ್ಟಿದರು. ಹೊಸಿಲಿನಾಚೆ ಉಮಾಶಂಕರ ನಿಂತಿದ್ದ. ತಲೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಕೈಯಲ್ಲಿ ಸ್ಟೀಲ್ ಬಟ್ಟಲು.

"ಎರಡು ಹುಳ ಹಾಕ್ತೀಯಾ ಗಂಗಾ?"

ಅವಳಿಗೆ ಹೊಟ್ಟೆ ತಣ್ಣಗಾಯಿತು. ಆದರೂ ಕೊನೆಯ ತಟ್ಟೆಗೆ ಸೊಪ್ಪು ಹಾಕಿ ಮುಗಿಸುವವರೆಗೆ ತಿರುಗಿ ನೋಡಲಿಲ್ಲ.

"ಅಲ್ಲೇ ನಿಂತ್ಕೋ," ಎಂದಳು. "ಮೊದಲು ಇವುಗಳ ಊಟ ಆಗ್ಲಿ."