ಎಡೆ ಇಡುತ್ತಿದ್ದ ಮೇಜು

ನಮ್ಮ ಯಜಮಾನರ ಮೊದಲ ಹೆಂಡತಿಯನ್ನು ನಾನು ನೋಡಿರುವುದು ಫೋಟೋದಲ್ಲಿ ಮಾತ್ರ. ಆದರೆ ಆಕೆಗೆಂದು ತಂದ ಸೀರೆಗಳನ್ನು ಉಡುತ್ತಾ ಬಂದಿದ್ದೇನೆ.

ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅತ್ತೆ ಆಕೆಯ ಹೆಸರಲ್ಲಿ ಒಂದು ಹೊಸ ಸೀರೆ ತರುತ್ತಾರೆ. ಗಿಳಿಹಸಿರು, ಇಲ್ಲವೇ ಕಡುಗೆಂಪು. ಆಕೆಯ ಮೈಬಣ್ಣಕ್ಕೆ ಒಪ್ಪುತ್ತಿದ್ದಂಥದು. ಮುತ್ತೈದೆಯಾಗಿ ಹೋದವಳಲ್ಲವೇ, ಬಳೆ, ಅರಿಶಿನ ಕುಂಕುಮ, ಮಲ್ಲಿಗೆ ಎಲ್ಲ ಆಗಬೇಕು. ಆಕೆಯ ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಕುಡಿ ಬಾಳೆಎಲೆ ಹಾಕಿ, ಆಕೆಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಕಾಳು ಸಾರು, ಒಬ್ಬಟ್ಟು, ಮೂಲೆ ಬೇಕರಿಯ ಎಗ್ ಪಪ್ಸ್. ಧೂಪ ಹಾಕಿ, ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಆ ಬಾಗಿಲು ತೆರೆಯುವವಳು ಯಾವಾಗಲೂ ಮಗಳು. ಆಮೇಲೆ ಸೀರೆ ನನ್ನದು.

ಮಗಳು ಅಂದರೆ ಆಕೆಯ ಮಗಳು. ಕಾಕ್ಸ್ ಟೌನಿನ ಈ ಮನೆಗೆ ನಾನು ಬಂದಾಗ ಎರಡನೇ ಕ್ಲಾಸಿನಲ್ಲಿದ್ದಳು. ನನ್ನನ್ನು ಚಿಕ್ಕಮ್ಮ ಅನ್ನಬೇಕೆಂದು ಅತ್ತೆ ಹೇಳಿಕೊಟ್ಟರು, ಅಂದಳು. ಒಂದು ದಿನವೂ ಎದುರು ಮಾತಾಡಲಿಲ್ಲ, ಒಂದು ದಿನವೂ ನನ್ನ ಮಡಿಲಲ್ಲಿ ತಲೆ ಇಡಲಿಲ್ಲ. ಸಂಜೆ ಆ ಮೇಜಿನ ಕೆಳಗೆ ನುಸುಳಿ, ಅದರ ಕಾಲುಗಳ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಹಬ್ಬದ ದಿನ ಬಾಗಿಲು ತೆರೆದವಳೇ ಎಲೆಯ ಮೇಲೆ ಬಗ್ಗಿ ನೋಡುತ್ತಿದ್ದಳು, ಅನ್ನದಲ್ಲಿ ಬೆರಳಿನ ಗುರುತು ಇದೆಯೇ ಎಂದು.

ಮೇಜಿನ ಕನ್ನಡಿಯ ಎಡ ಅಂಚಿನಲ್ಲಿ ಕೆಂಪು ಸ್ಟಿಕ್ಕರ್ ಬೊಟ್ಟುಗಳ ಸಾಲೊಂದಿತ್ತು. ಆಕೆ ಸ್ನಾನಕ್ಕೆ ಹೋಗುವಾಗ ಹಣೆಯಿಂದ ತೆಗೆದು ಅಂಟಿಸಿದವು, ಮತ್ತೆ ಹಣೆಗೆ ಹೋಗದೇ ಉಳಿದವು. ನಾನು ಆ ಕನ್ನಡಿಯಲ್ಲಿ ತಲೆ ಬಾಚಿಕೊಂಡವಳಲ್ಲ. ನನ್ನ ಬೊಟ್ಟನ್ನು ಬಚ್ಚಲಮನೆಯ ಗೋಡೆಗೆ ಅಂಟಿಸುತ್ತಿದ್ದೆ.

ಮಗಳು ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದ ಮೇಲೆ ನನಗೆ ಮನೆ ಸರಿಮಾಡುವ ಹುಚ್ಚು ಹತ್ತಿತು. ಫೋನಿನಲ್ಲಿ ವಿಡಿಯೋ ನೋಡುವುದು, ಉಜ್ಜುಕಾಗದ ತರುವುದು, ಹಳೇ ಸ್ಟೂಲು, ಚಪ್ಪಲಿ ಸ್ಟ್ಯಾಂಡು ಎಲ್ಲಕ್ಕೂ ಹೊಸ ಬಣ್ಣ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ ಮಾರ್ಕ್ಸ್ ಹಾಕುತ್ತಿದ್ದರು. ಆ ಅಭ್ಯಾಸಕ್ಕೆ ನಾನು ಯಾರ ಕಣ್ಣಿಗೂ ಬೀಳದ ಅಡಿಭಾಗವನ್ನೂ ಉಜ್ಜಿ ಪಾಲಿಶ್ ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಡ್ರೆಸ್ಸಿಂಗ್ ಟೇಬಲ್ಲಿನ ಹಿಂದಿನ ಪ್ಲೈವುಡ್ಡಿಗೆ ಗೆದ್ದಲು ಬಂತು. ತೇಗದ ಹಲಗೆಯನ್ನು ಇನ್ನೂ ಮುಟ್ಟಿರಲಿಲ್ಲ. ಮೇಜನ್ನು ಬಚ್ಚಲಮನೆಯ ವಾಶ್ ಬೇಸಿನ್ನಿಗೆ ಸ್ಟ್ಯಾಂಡ್ ಮಾಡಿದರೆ ಹೇಗೆ ಎಂದು ಮಗಳಿಗೆ ಫೋನ್ ಮಾಡಿದೆ.

"ಏನ್ ಬೇಕಾದ್ರೂ ಮಾಡ್ಕೊಳ್ಳಿ ಚಿಕ್ಕಮ್ಮ. ಗೆದ್ಲು ತಿನ್ನೋದಕ್ಕಿಂತ ವಾಸಿ."

"ಕನ್ನಡಿ?"

ಆ ಕಡೆ ಬಸ್ಸೊಂದು ಹಾರನ್ನು ಹೊಡೆಯಿತು. "ಅದೂ ಅಲ್ಲೇ ಹಾಕ್ಕೊಳ್ಳಿ."

ಶಿವಾಜಿನಗರದ ಅಂಗಡಿಯಲ್ಲಿ ಹಲಗೆಯೊಳಗೆ ಇಳಿಸಿ ಕೂರಿಸುವ ಒಂದು ದುಂಡನೆಯ ಬೇಸಿನ್ನು ಆರಿಸಿದೆ. "ಫಿಟ್ಟಿಂಗ್ಗೆ ಯಾರಮ್ಮಾ ಬರೋದು?" ಎಂದರು ಅಂಗಡಿಯ ಭಾಯಿ. ನಾನೇ ಅಂದೆ. "ಅರೆ ಅಲ್ಲಾ! ಬೆರಳು ಕಟ್ ಆದ್ರೆ ಬೇಸಿನ್ ವಾಪಸ್ ತಗೊಳಲ್ಲ, ಈಗ್ಲೇ ಹೇಳ್ಬಿಟ್ಟೆ."

ಬೆರಳು ಉಳಿಯಿತು. ಕರೆಂಟಿನ ಗರಗಸ ಹಿಡಿದು ಪೆನ್ಸಿಲ್ ಗೆರೆಯ ಮೇಲೆ ನಿಧಾನ ಸುತ್ತಿ ಬಂದೆ. ದುಂಡನೆಯ ಹಲಗೆ ದಡ್ ಎಂದು ಕೆಳಗೆ ಬಿದ್ದಾಗ ಕೋಣೆಯ ತುಂಬ ಹಳೆಯ ಪೌಡರಿನ ವಾಸನೆ ಎದ್ದಿತು. ಆ ಮೇಜಿನ ಮೇಲೆ ಪೌಡರ್ ಡಬ್ಬಿ ಇದ್ದದ್ದನ್ನು ನಾನು ಕಂಡೇ ಇಲ್ಲ. ಗರಗಸ ಅದುರಿದ್ದಕ್ಕೆ ಕನ್ನಡಿಯ ಬೊಟ್ಟುಗಳು ತಾವಾಗಿಯೇ ಉದುರಿದ್ದವು. ಆಯ್ದು ಕುಂಕುಮದ ಭರಣಿಯಲ್ಲಿ ಹಾಕಿಟ್ಟೆ, ಎಸೆಯಲು ಧೈರ್ಯವಾಗಲಿಲ್ಲ.

ಬೇಸಿನ್ ಹಿಂದಿನ ಗೋಡೆಗೆ ಬಿಳಿ ಟೈಲ್ಸನ್ನೂ ನಾನೇ ಅಂಟಿಸಿದೆ. ನಡುವೆ ಬಿಟ್ಟ ಸಂದುಗಳಿಗೆ ಬಿಳಿ ಸಿಮೆಂಟು ಕಲಸಿ ತುಂಬಿ, ಒದ್ದೆ ಸ್ಪಂಜಿನಿಂದ ಒರೆಸಿ, ಕನ್ನಡಿ ತೂಗುಹಾಕಿದೆ. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ತಿರುಗಿದರೆ, ಆವಿ ಕವಿದ ಕನ್ನಡಿಯ ಎಡ ಅಂಚಿನಲ್ಲಿ ಚುಕ್ಕಿಗಳ ಸಾಲು. ಬೊಟ್ಟಿನ ಗೋಂದು ಇದ್ದಲ್ಲೆಲ್ಲ ಆವಿ ಹಿಡಿದಿರಲಿಲ್ಲ. ಅಷ್ಟಷ್ಟೇ ಅಗಲದ ನಿಚ್ಚಳ ಕಿಂಡಿಗಳು. ಒಂದರೊಳಗಿಂದ ನನ್ನದೇ ಕಣ್ಣು ನೋಡುತ್ತಿತ್ತು. ನಿಂಬೆಹುಳಿ, ಸೀಮೆಎಣ್ಣೆ, ಪೇಪರು ಎಲ್ಲದರಿಂದ ಉಜ್ಜಿದೆ. ಕನ್ನಡಿ ಫಳಫಳ ಹೊಳೆಯಿತು. ಮರುದಿನ ಆವಿ ಏರಿದಾಗ ಮತ್ತೆ ಬಂದವು. ಯಾರಿಗೂ ಹೇಳಲಿಲ್ಲ. ನನ್ನ ಬೊಟ್ಟು ಹೊಸ ಟೈಲ್ಸಿನ ಮೇಲೆ, ಕನ್ನಡಿಯಿಂದ ಒಂದು ಗೇಣು ದೂರದಲ್ಲೇ ಇರುತ್ತಿತ್ತು.

ಪಕ್ಷಮಾಸ ಬಂತು. ಹಬ್ಬದ ಸಾಮಾನು ಬರೆಸುತ್ತಾ ಅತ್ತೆ ಥಟ್ಟನೆ ತಲೆ ಎತ್ತಿದರು.

"ಅಲ್ಲಮ್ಮಾ, ಈ ಸಲ ಎಡೆ ಎಲ್ಲಿ ಇಡ್ತೀಯ? ಬಚ್ಲುಮನೇಲಾ?"

ಎಲೆ ಹಾಕುತ್ತಿದ್ದ ಜಾಗಕ್ಕೇ ತೂತು ಕೊರೆದಿದ್ದೆ. ನನಗೂ ಹೊಳೆದಿರಲಿಲ್ಲ, ಹೂಂ ಅಂದ ಮಗಳಿಗೂ ಹೊಳೆದಿರಲಿಲ್ಲ.

"ನೆಲದ ಮೇಲೆ ಇಟ್ರೆ ಆಗಲ್ವಾ?" ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

"ಕಟ್ಕೊಂಡವಳಿಗೆ ನೆಲಕ್ಕೆ ಹಾಕು ಅಂತೀಯಲ್ಲೋ! ನಾಳೆ ನಿಂಗೂ ಅಲ್ಲೇ ಇಡ್ತಾರೆ, ನೋಡ್ಕೊ."

ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ವರ್ಷಕ್ಕೊಂದು ದಿನ ಆ ಹುಡುಗಿ ಬಾಗಿಲು ತೆರೆದು ತನ್ನ ತಾಯಿಯನ್ನು ನೋಡಲು ಹೋಗುತ್ತಿದ್ದಳು. ಈ ಸಲ ತೆರೆದರೆ ಬರೀ ಗೋಡೆ. ಆಮೇಲೆ ಈ ಮನೆಗೆ ಅವಳು ಯಾಕಾದರೂ ಬರಬೇಕು?

ಕತ್ತರಿಸಿದ ದುಂಡು ಹಲಗೆ ಮೆಟ್ಟಿಲ ಕೆಳಗಿತ್ತು. ತೇಗ ಎಂದು ಎಸೆದಿರಲಿಲ್ಲ. ಎಲೆ ಹಾಕುತ್ತಿದ್ದದ್ದು ಇದರ ಮೇಲೇ ಅಲ್ಲವೇ. ಅಂಚು ನಯಮಾಡಿದೆ. ಮಣೆಯ ಹಾಗೆ ಕೆಳಗೆ ಎರಡು ಪಟ್ಟಿ ಬಡಿಯೋಣವೆಂದು ತಿರುವಿದರೆ ಅಲ್ಲಿ ಪೆನ್ಸಿಲ್ ಗುರುತು. ಎರಡರ ಮಗ್ಗಿ, ಮೇಜಿನ ಕೆಳಗೆ ಕೂತು ತಲೆ ಮೇಲೆ ಮಾಡಿ ಬರೆದ ಸೊಟ್ಟ ಅಂಕಿಗಳು. ಆ ಬದಿಯನ್ನು ಉಜ್ಜದೇ ಬಿಟ್ಟೆ. ಸಿಸ್ಟರ್ ಮಾರ್ಕ್ಸ್ ಕಳೆಯುತ್ತಿದ್ದರೇನೋ.

ಹಬ್ಬದ ದಿನ ಮಗಳು ಪಪ್ಸಿನ ಪೊಟ್ಟಣ ಹಿಡಿದು ಬಂದಳು. ಸೀದಾ ಕೋಣೆಗೆ ಹೋದಳು. ಗೋಡೆಯಲ್ಲಿ ಮೇಜು ನಿಂತಿದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು, ಅದರ ಮುಂದೆ ಮಣೆ. ಕೂತು, ಅಂಚಿನ ಮೇಲೆ ಬೆರಳಾಡಿಸಿ, ಮಗುಚಿ ನೋಡಿದಳು.

"ಅಜ್ಜೀ, ಇಲ್ನೋಡಿ! ಎರಡೆಂಟ್ಲ ಹದಿನಾಲ್ಕು ಅಂತ ಬರ್ದಿದೀನಿ."

"ಅದಕ್ಕೇ ಲೆಕ್ಕದಲ್ಲಿ ಡುಮ್ಕಿ ಹೊಡೀತಿದ್ದೆ," ಎಂದರು ಅತ್ತೆ.

ನನ್ನ ಕಡೆ ಅವಳು ನೋಡಲಿಲ್ಲ. ಎಡೆ ಇಟ್ಟೆವು. ಎಲೆ ಮಣೆಗಿಂತ ದೊಡ್ಡದಾಗಿ ತುದಿ ಕೆಳಗೆ ಬಾಗಿತು. ಗಿಳಿಹಸಿರು ಸೀರೆಯನ್ನು ಪಕ್ಕದಲ್ಲಿಟ್ಟು, ಬಾಗಿಲು ಎಳೆದುಕೊಂಡು ನಿಂತೆವು. ಒಳಗೆ ಬಳೆಯ ಸದ್ದಾದಂತಾಯಿತು. ನನ್ನದೇ ಬಳೆ ಇರಬೇಕು. ಮಗಳು ಬಾಗಿಲು ತೆರೆದಳು. ಯಾವತ್ತಿನಂತೆ ಬಗ್ಗಿ ನೋಡಿದಳು. ಏನು ಕಂಡಳೋ ಗೊತ್ತಿಲ್ಲ.

ಊಟವಾದ ಮೇಲೆ ಕೈ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದೆ. ತುಪ್ಪದ ಕೈಗೆಂದು ಗೀಸರಿನ ನಲ್ಲಿ ತಿರುಗಿಸಿದ್ದಳು. ಬೇಸಿನ್ನಿನಿಂದ ಆವಿ ಏಳುತ್ತಿತ್ತು. ಕನ್ನಡಿಯ ಎಡಕ್ಕೆ ಆ ಸಾಲು.

"ಇದು ಯಾವಾಗಿಂದ?"

"ಇಲ್ಲಿಗೆ ಹಾಕಿದ್ ದಿನದಿಂದ. ಎಷ್ಟ್ ಒರೆಸಿದ್ರೂ ಹೋಗಲ್ಲ."

"ಹೇಳ್ಲೇ ಇಲ್ಲ ನೀವು."

"ಹೆದರಿಕೆ ಆಯ್ತು ಕಣೇ."

"ಯಾರ್ಗೆ ಹೆದರಿದ್ರಿ? ಅಮ್ಮಂಗಾ, ನಂಗಾ?"

ಅವಳು ನಲ್ಲಿ ನಿಲ್ಲಿಸಲಿಲ್ಲ. ಅತ್ತಿತ್ತ ನೋಡಿದಳು, ಬೆಳಿಗ್ಗೆ ನಾನು ಟೈಲ್ಸಿಗೆ ಅಂಟಿಸಿ ಮರೆತಿದ್ದ ಬೊಟ್ಟು ಕಣ್ಣಿಗೆ ಬಿತ್ತು. ಉಗುರಿನಿಂದ ಅದನ್ನು ಎಬ್ಬಿಸಿ, ಸಾಲಿನ ಕೆಳಗೆ ದುಪಟ್ಟಾದಿಂದ ಅಷ್ಟು ಜಾಗ ಒರೆಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಅಂಟುವವರೆಗೂ ಹಿಡಿದೇ ಇದ್ದಳು.

"ದೂರ ಯಾಕ್ ಅಂಟಿಸ್ತೀರ? ಇಲ್ಲೇ ಅಂಟಿಸಿ," ಎಂದು ಹೊರಗೆ ಹೋದಳು.

ಈಗ ದಿನವೂ ಅಲ್ಲೇ ಅಂಟಿಸುತ್ತೇನೆ. ಸ್ನಾನ ಮುಗಿಸಿ, ಬೊಟ್ಟು ತೆಗೆದು ಹಣೆಗೆ ಇಟ್ಟುಕೊಂಡ ಮೇಲೂ ಆವಿಯ ನಡುವೆ ಸಾಲಿನ ಕೊನೆಗೆ ನನ್ನದೊಂದು ಚುಕ್ಕಿ ನಿಚ್ಚಳವಾಗಿ ಉಳಿದಿರುತ್ತದೆ, ನಾನೂ ಆಗಲೇ ಹೋದವಳ ಹಾಗೆ.